ಲೈನ್‌ಮನ್ ‘ಓವರ್‌ಲೋಡ್’ ಅಂದ, ಡಾಕ್ಟರ್ ‘ಓವರ್‌ಯೂಸ್’ ಅಂದರು. ಎರಡೂ ಒಂದೇನಾ?

ಗದಗ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ಹೊಲದ ಕಡೆಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿತು. 63 ಕೆವಿಎ ಟಿಸಿ. ಹಾಕಿಸಿದಾಗ ಅದರ ಮೇಲೆ ಏಳೆಂಟು ಪಂಪ್‌ಸೆಟ್ ಇದ್ದವು. ಈಗ 18 ಇವೆ, ಎಲ್ಲಾ 5 ಎಚ್‌ಪಿ. ನೋಡಲು ಬಂದ ಲೈನ್‌ಮನ್, ಎಣ್ಣೆ ಸೋರಿದ್ದ ಕಂಬದ ಕೆಳಗೆ ನಿಂತು, “ಓವರ್‌ಲೋಡ್ ಆಗೇತ್ರಿ, ಮತ್ತೇನೂ ಇಲ್ಲ” ಅಂದ.

ಅದೇ ವಾರ ಅವ್ವನನ್ನು ಹುಬ್ಬಳ್ಳಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವ್ವ ಹತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ದಿನಕ್ಕೆ 150. ಮದುವೆ ದಿನಗಳಲ್ಲಿ ಇನ್ನೂ ಜಾಸ್ತಿ. ಈಗ ಬಲಗೈ ಮೊಣಕೈಯ ಹೊರಬದಿ ನೋವು. ಚಹಾದ ಕಪ್ಪು ಎತ್ತುವಾಗ ಕೈ ನಡುಗುತ್ತದೆ. ಡಾಕ್ಟರ್ ಕೈ ಹಿಡಿದು, ಬಗ್ಗಿಸಿ, ಒತ್ತಿ ನೋಡಿ, “ಇದು ಓವರ್‌ಯೂಸ್” ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು: “ಟಿಸಿಗೆ ಆಗಿದ್ದೂ ನನಗ ಆಗಿದ್ದೂ ಒಂದ ಏನವಾ?” ನಾನು ಯೋಚನೆ ಮಾಡದೆ “ಹೌದವ್ವಾ, ಎರಡೂ ಜಾಸ್ತಿ ಆಗಿದ್ದು” ಅಂದುಬಿಟ್ಟೆ.

ರಾತ್ರಿ ಅದು ಸರಿ ಅನ್ನಿಸಲಿಲ್ಲ. ಮರುದಿನ ಅವ್ವ ಹಿಂದೆ ರೊಟ್ಟಿ ಬಡಿಯುವಾಗ ಮಾಡಿಕೊಂಡಿದ್ದ ಒಂದು ಫೋನ್ ವಿಡಿಯೋ ನೋಡಿ ಎಣಿಸಿದೆ. ಒಂದು ರೊಟ್ಟಿಗೆ 58 ಏಟು. ಹಿಟ್ಟಿನ ಉಂಡೆಯನ್ನು ತೂಗಿದೆ, 90 ಗ್ರಾಂ. ಅಂದರೆ ಅವ್ವನ ಕೈ ಮೇಲೆ ಭಾರ ಅನ್ನುವಂಥದ್ದೇ ಇಲ್ಲ. ಆದರೆ 150 ರೊಟ್ಟಿಗೆ 8,700 ಏಟು. ಹಾಗಾದರೆ ಜಾಸ್ತಿ ಆಗಿದ್ದು ಏನು?

ಹತ್ತನೇ ಕ್ಲಾಸಿನ ವಿದ್ಯುತ್ ಪಾಠದಲ್ಲಿ ಓವರ್‌ಲೋಡ್ ಬರುತ್ತದೆ. ಇಷ್ಟು ವರ್ಷ ಅದನ್ನು ಕಲಿಸಿದ್ದೇನೆ. ಆದರೂ ಅವ್ವನಿಗೆ ಎರಡು ಮಾತಿನಲ್ಲಿ ಹೇಳಲು ಆಗಲಿಲ್ಲ. ಮಕ್ಕಳ ಬ್ಯಾಗಿನ ವಿಷಯ ನೋಡಿ. 2019ರಲ್ಲಿ ನಮ್ಮ ಸರ್ಕಾರ 9–10ನೇ ತರಗತಿಗೆ 4ರಿಂದ 5 ಕೆಜಿ ಅಂತ ಮಿತಿ ಹಾಕಿತು. ಮಿತಿಯೊಳಗಿನ ಬ್ಯಾಗನ್ನೇ ಹೊತ್ತು ಮೂರು ಕಿಲೋಮೀಟರ್ ನಡೆದು ಬರುವ ಹುಡುಗಿಯ ಭುಜ ನೋವು ಓವರ್‌ಲೋಡಾ, ಓವರ್‌ಯೂಸಾ?

ನಿಮ್ಮ ನಿಮ್ಮ ಕೆಲಸದಲ್ಲಿ ಈ ಎರಡು ಪದ ಎಲ್ಲಿ ಬರುತ್ತವೆ, ಹೇಗೆ ಬೇರೆ ಅಂತ ಹೇಳಿ. ಮಕ್ಕಳಿಗೂ ಅವ್ವನಿಗೂ ಹೇಳುವುದಕ್ಕೆ ನಮ್ಮದೇ ಪದ ಸಿಕ್ಕರೆ ಇನ್ನೂ ಒಳ್ಳೆಯದು.

ವೈಂಡಿಂಗ್ ಅಂಗಡಿ, ಹುಬ್ಬಳ್ಳಿ

ಟೀಚರ್, ನಮಸ್ಕಾರ. ನಾನು 26 ವರ್ಷದಿಂದ ಮೋಟರ್ ವೈಂಡಿಂಗ್ ಮಾಡುತ್ತಿದ್ದೇನೆ. ಅವ್ವನ ಪ್ರಶ್ನೆ ಓದಿ ಕೆಲಸ ಪಕ್ಕಕ್ಕಿಟ್ಟು ಬರೆಯಲು ಕೂತೆ. ಇದನ್ನೇ ದಿನಾ ಗಿರಾಕಿಗಳಿಗೆ ಹೇಳುತ್ತೇನೆ. ಅರ್ಧ ಜನ ಕೇಳಿಸಿಕೊಳ್ಳುವುದಿಲ್ಲ.

ಮೊದಲು ನಿಮ್ಮ ಟಿಸಿ ಲೆಕ್ಕ ಮುಗಿಸೋಣ. 5 ಎಚ್‌ಪಿ ತ್ರೀ ಫೇಸ್ ಮೋಟರ್ ಪೂರ್ತಿ ಲೋಡಿನಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಒಂದಕ್ಕೆ 5.4 ಕೆವಿಎ ಅಂತ ಹಿಡಿಯಿರಿ. 63 ಕೆವಿಎ ಟಿಸಿಗೆ 11 ಮೋಟರ್ ಅಂದರೆ ಅಲ್ಲಿಗೆ ಮುಗಿಯಿತು. ನಿಮ್ಮ 18 ಮೋಟರಿಗೆ 97 ಕೆವಿಎ ಬೇಕು. ಒಂದೂವರೆ ಪಟ್ಟು. ಆದರೆ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟಿಗೆ ನಿಲ್ಲುವುದಿಲ್ಲ. ಅದು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಎರಡೂಕಾಲು ಪಟ್ಟು ದಾಟುತ್ತದೆ. ಮೇಲಾಗಿ ಈಗ ಎಲ್ಲರ ಸ್ಟಾರ್ಟರಿಗೂ ಆಟೋ ಸ್ವಿಚ್ ಇದೆ. ತ್ರೀ ಫೇಸ್ ಬಂದ ಕೂಡಲೇ ಎಲ್ಲಾ ಮೋಟರೂ ಒಂದೇ ಸಲ ಶುರು. ಶುರುವಾಗುವ ಹೊತ್ತಿನಲ್ಲಿ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಇದು ಅಪ್ಪಟ ಓವರ್‌ಲೋಡ್. ಆ ಗಳಿಗೆಯಲ್ಲಿ ಎಷ್ಟು ಹೊರಬಹುದೋ ಅದಕ್ಕಿಂತ ಜಾಸ್ತಿ ಹೇರಿದ್ದು. ನಿನ್ನೆ ತಂದು ಕೂರಿಸಿದ ಹೊಸ ಟಿಸಿ ಆಗಿದ್ದರೂ ಸುಡುತ್ತಿತ್ತು.

ಇನ್ನು ಮೋಟರ್. ಅಂಗಡಿಗೆ ಬಂದ ಮೋಟರನ್ನು ಬಿಚ್ಚಿದರೆ ಅದಕ್ಕೆ ಏನಾಯಿತು ಅಂತ ಒಳಗೇ ಗೊತ್ತಾಗುತ್ತದೆ. ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿಸಿದ್ದು) ಇದ್ದು, ಎರಡು ಫೇಸಿನ ಕಾಯಿಲ್ ಕಪ್ಪಾಗಿ, ಮೂರನೆಯದು ಹೊಸದರ ಹಾಗೆ ಉಳಿದಿದ್ದರೆ ಓಡುವಾಗ ಒಂದು ಫೇಸ್ ಹೋಗಿದೆ. ಉಳಿದ ಎರಡು ಫೇಸ್ ಅದರ ಪಾಲನ್ನೂ ಹೊತ್ತು ಸುಟ್ಟಿವೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿ, ಇಲ್ಲಾ ವೋಲ್ಟೇಜ್ ಕಡಿಮೆ. ಇಷ್ಟು ಓವರ್‌ಲೋಡಿನ ಕಥೆ.

ಇನ್ನೊಂದು ಥರದ ಮೋಟರ್ ಬರುತ್ತದೆ. ಹಿಟ್ಟಿನ ಗಿರಣಿಯವರು ತರುತ್ತಾರೆ. ಬಿಚ್ಚಿದರೆ ಕಪ್ಪೇ ಇಲ್ಲ, ನೋಡಲು ಚೆನ್ನಾಗಿದೆ. ಆದರೆ ಉಗುರಿನಿಂದ ಗೀರಿದರೆ ವಾರ್ನಿಷ್ ಹಪ್ಪಳದ ಪುಡಿಯ ಹಾಗೆ ಉದುರುತ್ತದೆ. ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಗರಗರ ಅನ್ನುತ್ತದೆ. ಗಿರಣಿಯವರು ಆಣೆ ಮಾಡಿ ಹೇಳುತ್ತಾರೆ, ಒಂದು ದಿನವೂ ಜಾಸ್ತಿ ಲೋಡ್ ಹಾಕಿಲ್ಲ ಅಂತ. ಅವರು ಹೇಳುವುದು ನಿಜ. ಅದು ಬೆಳಿಗ್ಗೆಯಿಂದ ರಾತ್ರಿವರೆಗೆ, ವರ್ಷಗಟ್ಟಲೆ, ಸುಮ್ನೆ ಓಡಿ ಓಡಿ ಸವೆದಿದೆ. ನಿಮ್ಮ ಅವ್ವನ ಮೊಣಕೈ ಈ ಮೋಟರಿನ ಜಾತಿಗೆ ಸೇರಿದ್ದು. 90 ಗ್ರಾಂ ಯಾವ ಲೆಕ್ಕ? 8,700 ಸಲ ಅನ್ನುವುದೇ ಲೆಕ್ಕ.

ಇನ್ನೂ ಹತ್ತಿರದಿಂದ ನೋಡಬೇಕಾದರೆ ಮನೆಯ ಮಿಕ್ಸಿಯನ್ನು ಮಗುಚಿ ನೋಡಿ. ಪ್ಲಗ್ ಕಿತ್ತು ಮಗುಚಿ. ಅಡಿಯಲ್ಲಿ ಒಂದು ಸಣ್ಣ ಕೆಂಪು ಬಟನ್ ಇರುತ್ತದೆ. ಜಾರಿನಲ್ಲಿ ಶೇಂಗಾ ಕಂಠಮಟ್ಟ ತುಂಬಿ ಒತ್ತಿದರೆ ಬ್ಲೇಡ್ ತಿರುಗುವುದಿಲ್ಲ, ಮೋಟರ್ ಗುಂಯ್ ಅನ್ನುತ್ತದೆ, ಈ ಬಟನ್ ಟಪ್ ಅಂತ ಹೊರಗೆ ಬರುತ್ತದೆ. ಮಿಕ್ಸಿ ಬಂದ್. ಶೇಂಗಾ ಅರ್ಧ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಬಟನ್ ಒತ್ತಿದರೆ ಮತ್ತೆ ಶುರು. ಏನೂ ಕೆಟ್ಟಿಲ್ಲ. ಇದು ಓವರ್‌ಲೋಡ್.

ಅದೇ ಮಿಕ್ಸಿಯ ಪ್ಲೇಟ್ ಮೇಲೆ ಸಾಮಾನ್ಯವಾಗಿ 30 ನಿಮಿಷ ಅಂತ, ಅಂದರೆ ಒಟ್ಟು ಎಷ್ಟು ಹೊತ್ತು ಓಡಿಸಬಹುದು ಅಂತ, ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಕಂಪನಿಯವರ ಪುಸ್ತಕದಲ್ಲಿ ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸಿ ಅನ್ನುವ ಥರದ ಸೂಚನೆ ಇರುತ್ತದೆ, ಅದನ್ನಂತೂ ಮೊದಲೇ ಓದುವುದಿಲ್ಲ. ನಾಗರ ಪಂಚಮಿ ಮುಂದೆ ನಮ್ಮ ಅಂಗಡಿಯಲ್ಲಿ ಮಿಕ್ಸಿಗಳು ಸಾಲುಗಟ್ಟುತ್ತವೆ. ಶೇಂಗಾ ಉಂಡಿಗೆ, ಎಳ್ಳುಂಡಿಗೆ, ತಂಬಿಟ್ಟಿಗೆ ಅಂತ ಮನೆಯವರದ್ದೂ ಪಕ್ಕದ ಮನೆಯವರದ್ದೂ ಒಂದರ ಹಿಂದೆ ಒಂದು ರುಬ್ಬಿರುತ್ತಾರೆ. ಪ್ರತಿ ಸಲ ಜಾರು ಅರ್ಧವೇ ತುಂಬಿದ್ದರು. ಕೆಂಪು ಬಟನ್ ಒಂದು ಸಲವೂ ಹೊರಗೆ ಬಂದಿಲ್ಲ. ಆದರೂ ಕಾರ್ಬನ್ ಬ್ರಷ್ ಸವೆದು ಅಕ್ಕಿಕಾಳಿನಷ್ಟು ಉಳಿದಿರುತ್ತದೆ.

ಟೀಚರ್, ನನಗೆ ಮುಖ್ಯ ಅನ್ನಿಸುವುದು ಇದು. ಓವರ್‌ಲೋಡಿಗೆ ಮಿಕ್ಸಿಯಲ್ಲಿ ಬಟನ್ ಇದೆ, ಮನೆಯಲ್ಲಿ ಎಂಸಿಬಿ ಇದೆ, ಸ್ಟಾರ್ಟರಿನಲ್ಲಿ ರಿಲೇ ಇದೆ. ತಾವಾಗಿಯೇ ನಿಲ್ಲಿಸುತ್ತವೆ. ನಿಮ್ಮ ಮಿಕ್ಸಿಯಲ್ಲಿ, ನನ್ನ ಅಂಗಡಿಯ ಡ್ರಿಲ್ಲಿನಲ್ಲಿ, ಅವ್ವನ ಕೈಯಲ್ಲಿ ಓವರ್‌ಯೂಸಿಗೆ ಅಂಥದ್ದು ಏನೂ ಇಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ಎಣಿಸಬೇಕು. ನೀವು 58 ಅಂತ ಎಣಿಸಿದಿರಲ್ಲ, ಆ ಕೆಲಸ.

ಎರಡೂ ಕೂಡುವ ಜಾಗವೂ ಇದೆ. ವೈಂಡಿಂಗ್ ತಡೆಯಬಲ್ಲ ಬಿಸಿಗಿಂತ ಹತ್ತು ಡಿಗ್ರಿ ಜಾಸ್ತಿಯಲ್ಲಿ ಸದಾ ಓಡಿದರೆ ಇನ್ಸುಲೇಷನ್ ಆಯುಷ್ಯ ಅರ್ಧ ಆಗುತ್ತದೆ ಅಂತ ನಮ್ಮ ಕೆಲಸದಲ್ಲಿ ಒಂದು ಹಳೆಯ ಲೆಕ್ಕ. ಆ ದಿನ ಸುಡುವುದಿಲ್ಲ. ಆದರೆ ಹತ್ತು ವರ್ಷ ಬರಬೇಕಾದ್ದು ಐದಕ್ಕೆ ಬರುತ್ತದೆ. ಸ್ವಲ್ಪ ಸ್ವಲ್ಪ ಓವರ್‌ಲೋಡ್ ದಿನಾ ಆದರೆ ಅದು ಓವರ್‌ಯೂಸಿನ ಹಾಗೇ ತಿನ್ನುತ್ತದೆ.

ಇನ್ನೊಂದು ಮಾತು ಅವ್ವನಿಗೆ. ವೋಲ್ಟೇಜ್ 415 ಇರಬೇಕಾದಲ್ಲಿ 340 ಬಂತು ಅಂದುಕೊಳ್ಳಿ. ಪಂಪಿನ ಕೆಲಸ ಏನೂ ಹೆಚ್ಚಾಗಿಲ್ಲ. ಆದರೂ ಮೋಟರ್ ಜಾಸ್ತಿ ಕರೆಂಟ್ ಎಳೆದು ಬಿಸಿ ಆಗುತ್ತದೆ. ಯಾರೂ ಭಾರ ಹೆಚ್ಚು ಮಾಡದೇ ಓವರ್‌ಲೋಡ್ ಆಯಿತು. ಅವ್ವನ ಊಟ, ನಿದ್ದೆ ಹೇಗಿದೆ ಕೇಳಿ. ನನ್ನ ಅವ್ವ ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ತಿನ್ನುತ್ತಿದ್ದಳು. ಉಳಿದಿದ್ದರೆ ಮಾತ್ರ. ಅದೇ ಕೆಲಸ, ಆದರೆ ದೇಹಕ್ಕೆ ಬರುವ ವೋಲ್ಟೇಜ್ ಕಡಿಮೆ. ಇದು ನನಗೆ ತಡವಾಗಿ ಗೊತ್ತಾಯಿತು.

ನಿಮ್ಮ ಹೊಲದ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಡಯಲ್ ಎಷ್ಟಕ್ಕಿದೆ ಒಮ್ಮೆ ನೋಡಿ ಹೇಳಿ.

ತಾಡಪತ್ರಿ, ಬ್ಯಾಡಗಿ

ನಾನು ಲಾರಿ ಓಡಿಸುತ್ತೇನೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಬ್ಯಾಡಗಿ ಮಾರ್ಕೆಟ್ಟಿನಿಂದ ಹೇರುತ್ತೇನೆ. ಉಳಿದ ದಿನ ಕಡಿ, ಉಸುಕು, ಸಿಕ್ಕಿದ್ದು.

ವೈಂಡಿಂಗ್ ಅಣ್ಣ ಹೇಳಿದ್ದು ಸರಿ. ಒಂದು ವಿಷಯ ಸೇರಿಸುತ್ತೇನೆ. ಓವರ್‌ಲೋಡನ್ನು ಕಣ್ಣು ಹಿಡಿಯುವುದಿಲ್ಲ. ಒಣ ಮೆಣಸಿನಕಾಯಿ ಹಗುರ, ಜಾಗ ಜಾಸ್ತಿ ತಿನ್ನುತ್ತದೆ. ಚೀಲದ ಮೇಲೆ ಚೀಲ ಏರಿಸಿ, ಹಗ್ಗ ಬಿಗಿದು, ತಾಡಪತ್ರಿ ಹೊದಿಸಿದರೆ ಗಾಡಿ ಗುಡ್ಡದ ಹಾಗೆ ಕಾಣುತ್ತದೆ. ನೋಡಿದವರು ಇದು ಓವರ್‌ಲೋಡ್ ಅನ್ನುತ್ತಾರೆ. ಕಾಟಾ (ತೂಕದ ಸೇತುವೆ) ಮೇಲೆ ನಿಲ್ಲಿಸಿದರೆ ಪಾಸಿಂಗಿಗಿಂತ, ಅಂದರೆ ಗಾಡಿಗೆ ಮಂಜೂರಾದ ತೂಕಕ್ಕಿಂತ, ಕಡಿಮೆ. ಅದೇ ಗಾಡಿಗೆ ಕಡಿ ತುಂಬಿದರೆ ಡಬ್ಬಿಯ ಅರ್ಧವೂ ಕಾಣುವುದಿಲ್ಲ, ಆಗಲೇ ತೂಕ ಮೀರಿರುತ್ತದೆ. ಖಾಲಿ ಇದೆಯಲ್ಲ, ಇನ್ನೆರಡು ಬಕೆಟ್ ಹಾಕು ಅನ್ನುತ್ತಾರೆ.

ದಂಡ ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿ ಆದ ಮೇಲೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಆದರೆ ರಸ್ತೆಗೆ ಆಗುವ ಪೆಟ್ಟಿನ ಲೆಕ್ಕ ಗೊತ್ತಾದಾಗ ನನಗೆ ನಿದ್ದೆ ಬರಲಿಲ್ಲ. ರಸ್ತೆ ಕೆಲಸದ ಒಬ್ಬ ಎಂಜಿನಿಯರ್ ಚಹಾದಂಗಡಿಯಲ್ಲಿ ಕೂತು ಹೇಳಿದರು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ರಸ್ತೆ ಮಾಡಿ, ಲಾರಿ ಓಡಿಸಿ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟು ಆದರೆ ರಸ್ತೆಗೆ ಪೆಟ್ಟು ಎರಡು ಪಟ್ಟು ಆಗುವುದಿಲ್ಲ, ಸುಮಾರು ಹದಿನಾರು ಪಟ್ಟು. ನೂರಕ್ಕೆ ಇಪ್ಪತ್ತರಷ್ಟು ಜಾಸ್ತಿ ಹೇರಿದರೆ ಪೆಟ್ಟು ದುಪ್ಪಟ್ಟು. ನಾನು ಒಂದು ಟ್ರಿಪ್ ಉಳಿಸಿದೆ ಅಂತ ಖುಷಿಪಟ್ಟ ದಿನ ನಮ್ಮೂರ ರಸ್ತೆ ಎಷ್ಟು ತಿಂದಿದ್ದೆ!

ಇನ್ನು ಓವರ್‌ಯೂಸ್. ಕಾನೂನಿನಲ್ಲಿ ಡ್ರೈವರಿಗೆ ದಿನಕ್ಕೆ ಎಂಟು ತಾಸು ಅಂತ ಇದೆ, 1961ರಿಂದಲೂ ಇದೆ. ನಾನು ಹದಿನಾರು ತಾಸು ಸ್ಟೇರಿಂಗ್ ಹಿಡಿದ ದಿನಗಳಿವೆ. ಒಂದು ಸಲ ಬೆಳಗಿನ ಜಾವ ಹಾವೇರಿ ದಾಟಿದ್ದು ನೆನಪಿದೆ, ಅದಾದ ಮೇಲೆ ರಾಣೆಬೆನ್ನೂರಿನವರೆಗೆ ಏನೂ ನೆನಪಿಲ್ಲ. ಗಾಡಿ ಸೀದಾ ಓಡಿತ್ತು. ಕ್ಲೀನರ್ ಹುಡುಗ ಪಕ್ಕದಲ್ಲೇ ಮಲಗಿದ್ದ. ಅವನ ಮುಖ ನೋಡಿ ಗಾಡಿ ಸೈಡಿಗೆ ಹಾಕಿ ಇಳಿದು ನಿಂತೆ. ಗಾಡಿಗೆ ಕಾಟಾ ಇದೆ. ನನ್ನನ್ನು ಯಾವ ಕಾಟಾದ ಮೇಲೆ ನಿಲ್ಲಿಸುತ್ತಾರೆ?

ಹಾಸ್ಟೆಲ್ ಹುಡುಗಿ, ಧಾರವಾಡ

ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ನಮ್ಮಲ್ಲಿ ಓವರ್‌ಲೋಡ್ ಅಂದರೆ ಬೇರೆಯೇ ಅರ್ಥ, ಅದಕ್ಕೇ ಬರೆಯುತ್ತಿದ್ದೇನೆ. ಸಿ ಪ್ಲಸ್ ಪ್ಲಸ್, ಜಾವಾದಲ್ಲಿ ಒಂದೇ ಹೆಸರಿಗೆ ಹಲವು ಕೆಲಸ ಕೊಡಬಹುದು. ಅದಕ್ಕೆ ಓವರ್‌ಲೋಡಿಂಗ್ ಅನ್ನುತ್ತಾರೆ. ಇಲ್ಲಿ ಏನೂ ಕೆಡುವುದಿಲ್ಲ, ಸುಡುವುದಿಲ್ಲ.

ಮೊದಲ ವರ್ಷ ನನಗೆ ಇದು ತಲೆಗೆ ಹೋಗಿರಲಿಲ್ಲ. ಆಮೇಲೆ ನಮ್ಮ ‘ಹಾಕು’ ನೆನಪಾಯಿತು. ಚಹಾಕ್ಕೆ ಸಕ್ಕರೆ ಹಾಕು, ಬಾಗಿಲು ಹಾಕು, ಲೈಟ್ ಹಾಕು, ಅಂಗಿ ಹಾಕು, ಅರ್ಜಿ ಹಾಕು, ಲೆಕ್ಕ ಹಾಕು. ಒಂದೇ ಮಾತು, ಜೊತೆಗೆ ಏನು ಬಂತು ಅನ್ನುವುದರ ಮೇಲೆ ಕೆಲಸ ಬೇರೆ. ಕಂಪೈಲರ್ ಕೂಡ ಹಾಗೆಯೇ, ಜೊತೆಗೆ ಕೊಟ್ಟದ್ದನ್ನು ನೋಡಿ ಯಾವ ಕೆಲಸ ಅಂತ ಆರಿಸುತ್ತದೆ. ಟೀಚರ್, ಮಕ್ಕಳಿಗೆ ಇದನ್ನೂ ಹೇಳಿ, ಖುಷಿಪಡುತ್ತಾರೆ.

ಎರೆ ಹೊಲ, ನವಲಗುಂದ

ತಂಗಿ, ನಾನು ರೈತ. ವಯಸ್ಸು 67. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ನಿಮಗೆ ಪದ ಬೇಕು ಅಂದಿರಿ. ನಮ್ಮ ಹತ್ತಿರ ಪದ ಇವೆ. ಒಂದು ‘ಹೇರು’. ಚಕ್ಕಡಿಗೆ ಹೇರುವುದು. ಹೇರು ಜಾಸ್ತಿ ಆದರೆ ಅಚ್ಚು ಮುರಿಯುತ್ತದೆ, ಅವತ್ತೇ ಮುರಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಇನ್ನೊಂದು ‘ಸವೆ’. ಕುಡುಗೋಲು ಸವೆಯುತ್ತದೆ, ಗಾಲಿಯ ಪಟ್ಟಿ ಸವೆಯುತ್ತದೆ, ಬಾವಿಯ ಕಟ್ಟೆಕಲ್ಲು ಹಗ್ಗ ಉಜ್ಜಿ ಉಜ್ಜಿ ಸವೆಯುತ್ತದೆ. ಯಾವ ದಿನ ಸವೆಯಿತು ಅಂತ ಹೇಳಲು ಬರುವುದಿಲ್ಲ. ಓವರ್‌ಲೋಡಿಗೆ ಅತಿ ಹೇರಿಕೆ ಅನ್ನಿ, ಓವರ್‌ಯೂಸಿಗೆ ಸವೆತ ಅನ್ನಿ. ಅವ್ವನಿಗೆ ಕೂಡಲೇ ತಿಳಿಯುತ್ತದೆ.

ನಮ್ಮ ಹೊಲದ ಕಥೆ ಹೇಳುತ್ತೇನೆ. 1970ರ ದಶಕದಲ್ಲಿ ಮಲಪ್ರಭಾ ಕಾಲುವೆ ನೀರು ಬಂತು. ಅದಕ್ಕೆ ಮೊದಲು ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ. ಮಳೆಯ ಹಸಿ ಮೇಲೇ ಬೆಳೆ. ನೀರು ನೋಡಿದ ಸಂಭ್ರಮಕ್ಕೆ ನಾವು ಬಿಟ್ಟೇ ಬಿಟ್ಟೆವು. ರಾತ್ರಿ ನೀರು ತಿರುವಿ ಮಲಗಿದರೆ ಬೆಳಿಗ್ಗೆ ಎದ್ದು ನೋಡುವುದು. ಮಸಾರಿ (ಕೆಂಪು ಮಣ್ಣಿನ) ಭೂಮಿಯಾಗಿದ್ದರೆ ಇಂಗಿ ಹೋಗುತ್ತಿತ್ತು. ಎರೆ ಮಣ್ಣು ನೀರನ್ನು ಬಿಟ್ಟುಕೊಡುವುದಿಲ್ಲ, ಹಿಡಿದು ಕೂರುತ್ತದೆ. ಯಾವ ಒಂದು ಸಲದ ನೀರೂ ಬೆಳೆಯನ್ನು ಕೊಲ್ಲಲಿಲ್ಲ. ಮೊದಮೊದಲು ಹತ್ತಿ ಎದೆಯೆತ್ತರ ಬಂತು.

ಆಮೇಲೆ ತಗ್ಗಿನ ಮೂಲೆಯಲ್ಲಿ ಚಳಿಗಾಲದ ಬೆಳಿಗ್ಗೆ ನೆಲದ ಮೇಲೆ ಬೆಳ್ಳಗೆ ಕಾಣತೊಡಗಿತು. ಮಂಜು ಅಂದುಕೊಂಡೆವು. ನಾಲಿಗೆಗೆ ಹಚ್ಚಿದರೆ ಉಪ್ಪು. ಕೆಳಗೆ ನಿಂತ ನೀರು ಮಣ್ಣಿನ ಉಪ್ಪನ್ನು ಮೇಲೆ ತಂದು ಬಿಟ್ಟು, ತಾನು ಆರಿ ಹೋಗುತ್ತಿತ್ತು. ಆ ಮೂಲೆ ಮೊದಲು ಅರ್ಧ ಎಕರೆ ಇತ್ತು, ಎರಡು ಎಕರೆ ಆಯಿತು. ಬೀಜ ಹಾಕಿದರೆ ಹುಟ್ಟುವುದಿಲ್ಲ. ಸವಳು ಜವಳು ಅಂತ ನಾವು ಅನ್ನುವುದು ಇದಕ್ಕೇ. ಬಸಿಗಾಲುವೆ ತೋಡಿಸಿದೆ, ಜಿಪ್ಸಮ್ ಹಾಕಿಸಿದೆ. ಅರ್ಧ ಹೊಲ ವಾಪಸ್ ಬಂದಿದೆ. ಉಳಿದರ್ಧ ಇನ್ನೂ ಬಂದಿಲ್ಲ. ನನ್ನ ಅಪ್ಪ ಕೈಯಲ್ಲಿ ಮಣ್ಣು ಹಿಡಿದು ಹಿಚುಕಿ ‘ಹದ’ ನೋಡುತ್ತಿದ್ದ. ನೀರು ಬಂದ ಮೇಲೆ ನಾನು ಹಿಚುಕಿ ನೋಡುವುದನ್ನೇ ಬಿಟ್ಟಿದ್ದೆ.

ಕೊನೆಗೆ ಒಂದು ಮಾತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ದಿನ. ಎಷ್ಟೇ ಹದ ಇರಲಿ, ಬಿತ್ತನೆ ಹೊತ್ತು ಮೀರುತ್ತಿರಲಿ, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಿಮ್ಮ ಅವ್ವನಿಗೆ ವಾರದಲ್ಲಿ ಯಾವ ದಿನ ರಜೆ?

ಗರಡಿ ಮನೆ, ಧಾರವಾಡ

ನಾನು ಫಿಸಿಯೋಥೆರಪಿಸ್ಟ್. ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಹಚ್ಚಿದವನು.

ಓವರ್‌ಲೋಡ್ ಅನ್ನುವ ಪದಕ್ಕೆ ನಮ್ಮಲ್ಲಿ ಒಳ್ಳೆಯ ಅರ್ಥವೂ ಇದೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನು ಅದನ್ನು ಮೊದಲ ದಿನವೇ ಎತ್ತಿಲ್ಲ. ಸಣ್ಣ ಕಲ್ಲು, ಸ್ವಲ್ಪ ದೊಡ್ಡದು, ಇನ್ನೂ ದೊಡ್ಡದು. ಅಭ್ಯಾಸ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಹೇರಿ, ನಡುವೆ ಬಿಡುವು ಕೊಟ್ಟರೆ ದೇಹ ಬೆಳೆಯುತ್ತದೆ. ಟಿಸಿಗೆ ಈ ಶಕ್ತಿ ಇಲ್ಲ. ಮೂಳೆ, ಸ್ನಾಯುವಿಗೆ ಇದೆ. ಬಿಡುವು ಕೊಡದಿದ್ದರೆ ಮಾತ್ರ ಸವೆತ.

ಅದಕ್ಕೇ ಅವ್ವನ ಮೊಣಕೈಗೆ ಬರೀ ರೆಸ್ಟ್ ಸಾಲುವುದಿಲ್ಲ. ನೋವು ಸ್ವಲ್ಪ ಇಳಿದ ಮೇಲೆ ಸಣ್ಣ ತೂಕ ಕೈಯಲ್ಲಿ ಹಿಡಿದು ಮಣಿಕಟ್ಟನ್ನು ನಿಧಾನಕ್ಕೆ ಕೆಳಗೆ ಇಳಿಸುವ ವ್ಯಾಯಾಮ ಕೊಡುತ್ತೇವೆ. ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಸಾಕು. ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ಸವೆತಕ್ಕೆ ಮದ್ದು ಅಳತೆ ಮಾಡಿದ ಭಾರ. ಅವ್ವನಿಗೆ ಇದು ವಿಚಿತ್ರ ಅನ್ನಿಸಬಹುದು, ತಾಳ್ಮೆಯಿಂದ ಹೇಳಿ.

ನೋವಿನ ಮಾತ್ರೆಯ ಬಗ್ಗೆ ಎಚ್ಚರ. ಡಾಕ್ಟರ್ ಬರೆದಷ್ಟು ದಿನ ಮಾತ್ರ. ಸುಮ್ನೆ ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆ, ಕಿಡ್ನಿಗೆ ಪೆಟ್ಟು. ತಲೆನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳು ದಾಟಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಬರುವುದೂ ಉಂಟು. ಅಲ್ಲಿ ಒಂದೊಂದು ಮಾತ್ರೆಯ ಪ್ರಮಾಣ ಸರಿಯೇ ಇರುತ್ತದೆ. ಎಣಿಕೆ ತಪ್ಪಿರುತ್ತದೆ. ಬ್ಯಾಗಿನ ಹುಡುಗಿಗೆ ಎರಡೂ ಪಟ್ಟಿ ಭುಜಕ್ಕೆ ಹಾಕಿ, ಬೆನ್ನಿಗೆ ಅಂಟುವ ಹಾಗೆ ಬಿಗಿ ಮಾಡಿಸಿ, ದಾರಿಯಲ್ಲಿ ಒಂದೆರಡು ಕಡೆ ಇಳಿಸಿ ನಿಲ್ಲಲು ಹೇಳಿ.

ಗದಗ ಟೀಚರ್

ಎಲ್ಲರ ಉತ್ತರವನ್ನೂ ಅವ್ವನಿಗೆ ಓದಿ ಹೇಳಿದೆ. ಡ್ರೈವರ್ ಅಣ್ಣನ ಹಾವೇರಿ ರಾತ್ರಿ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಅಣ್ಣಾ, ದಯವಿಟ್ಟು ಹುಷಾರು.

‘ಸವೆತ’ ಅಂದ ಕೂಡಲೇ ಅವ್ವ ಎದ್ದು ಹೋಗಿ ಕೊಣಮಿಗೆ ತಂದು ತೋರಿಸಿದಳು. ರೊಟ್ಟಿ ಬಡಿಯುವ ನಮ್ಮ ಕಟ್ಟಿಗೆಯ ಕೊಣಮಿಗೆ. ನಡುವೆ ತಗ್ಗಾಗಿದೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. “ಇದು ಸವದೈತಿ, ನಾನೂ ಸವದೇನಿ, ಹಂಗ ಹೇಳು” ಅಂದಳು. ಇಷ್ಟು ವರ್ಷ ಆ ತಗ್ಗಿನಲ್ಲೇ ಹಿಟ್ಟು ನಾದಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಜ್ಜಾ, ನಿಮ್ಮ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವ್ವನಿಗೆ ಯಾವ ದಿನವೂ ರಜೆ ಇಲ್ಲ. ನಮ್ಮ ಅಪ್ಪ ಇದ್ದಾಗ ಎತ್ತುಗಳಿಗೆ ಸೋಮವಾರ ಬಿಡುವು ಕೊಡುತ್ತಿದ್ದರು, ಅವತ್ತೂ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಡಾಕ್ಟರ್ ಆರು ವಾರ ಪೂರ್ತಿ ಬಿಡಬೇಕು ಅಂದಿದ್ದಾರೆ. ಅಷ್ಟು ದಿನ ಪಕ್ಕದ ಮನೆಯ ಅಕ್ಕ ನಮ್ಮ ಒಲೆಯ ಮುಂದೆ ಕೂತು ಬಡಿಯುತ್ತಾರೆ, ದುಡ್ಡು ಅವರದೇ. ಆಮೇಲೆ ಅವ್ವ 60, ಅಕ್ಕ 90. ಖಾನಾವಳಿಯವರಿಗೆ ನಾನೇ ಹೋಗಿ ಹೇಳಿ ಬಂದೆ, ಇನ್ನು ಮುಂದೆ ಸೋಮವಾರ ರೊಟ್ಟಿ ಬರುವುದಿಲ್ಲ ಅಂತ. ಮಾಲೀಕರು ಸ್ವಲ್ಪ ಹೊತ್ತು ಮುಖ ನೋಡಿ, ಆಗಲಿ ಅಂದರು.

ನಿನ್ನೆ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ‘ಹೇರಿಕೆ’, ‘ಸವೆತ’ ಅಂತ ಎರಡು ಸಾಲು ಎಳೆದು, ಮನೆಯಲ್ಲಿ ನೋಡಿದ್ದನ್ನು ಹೇಳಿ ಅಂದೆ. ಹೇರಿಕೆಯ ಸಾಲು ಬೇಗ ತುಂಬಿತು: ಟಂಟಂ, ಎಕ್ಸ್‌ಟೆನ್ಷನ್ ಬೋರ್ಡ್, ಗ್ಯಾಸ್ ಸಿಲಿಂಡರ್ ಕಟ್ಟಿದ ಸೈಕಲ್. ಸವೆತದ ಸಾಲಿಗೆ ಹೊತ್ತು ಹಿಡಿಯಿತು. ಆಮೇಲೆ ಒಬ್ಬ ಹುಡುಗ ಎದ್ದು “ನಮ್ಮವ್ವನ ಬೆನ್ನು ರೀ” ಅಂದ. ಅದಾದ ಮೇಲೆ ಒಬ್ಬೊಬ್ಬರೇ ಏಳತೊಡಗಿದರು.

ವೈಂಡಿಂಗ್ ಅಣ್ಣಾ, ಸ್ಟಾರ್ಟರ್ ನೋಡಿದೆ. ಡಯಲ್ 12ಕ್ಕೆ ಇದೆ. 5 ಎಚ್‌ಪಿ ಮೋಟರ್. ಪದೇ ಪದೇ ಟ್ರಿಪ್ ಆಗುತ್ತಿತ್ತು ಅಂತ ತಮ್ಮ ತಿರುಗಿಸಿದ್ದಾನಂತೆ.

ವೈಂಡಿಂಗ್ ಅಂಗಡಿ, ಹುಬ್ಬಳ್ಳಿ

ಇವತ್ತೇ ಇಳಿಸಿ ಟೀಚರ್. ಮೋಟರಿನ ಪ್ಲೇಟ್ ಮೇಲೆ ಎಷ್ಟು ಆಂಪಿಯರ್ ಬರೆದಿದೆಯೋ ಅಷ್ಟಕ್ಕೇ ಇಡಿ, ಏಳೂವರೆ ಆಸುಪಾಸು ಇರುತ್ತದೆ. ಮೇನ್ ಸ್ವಿಚ್ ತೆಗೆದೇ ಮುಟ್ಟಬೇಕು, ಒದ್ದೆ ಕಾಲಿನಲ್ಲಿ ಬೇಡ. ಆಮೇಲೂ ಟ್ರಿಪ್ ಆದರೆ ಡಯಲ್ ಮುಟ್ಟಬೇಡಿ, ಮೂರೂ ಫೇಸಿನ ವೋಲ್ಟೇಜ್ ನೋಡಿಸಿ. ಅದು ಸರಿ ಇದ್ದರೆ ಪಂಪು ಎಲ್ಲೋ ಹಿಡಿದಿದೆ, ಎತ್ತಿಸಿ ನೋಡಬೇಕು. ಪ್ಲೇಟಿನ ಫೋಟೋ ತೆಗೆದು ಹಾಕಿ, ನಾಳೆ ಮಧ್ಯಾಹ್ನ ನೋಡುತ್ತೇನೆ. ಬೆಳಿಗ್ಗೆ ಅಂಗಡಿ ತೆಗೆಯುವುದಿಲ್ಲ, ನಾಳೆ ಸೋಮವಾರ.